ಇಲಿಯಿಂದ ಇಳೀರಿ ಸ್ವಾಮಿ

ಈಗಿನ ಹುಡುಗರು ಪ್ರೋಗ್ರಾಂ ಬರೆಯೋದಿಲ್ಲ, ಎಳೀತಾರೆ. ಪರದೆಯ ಎಡಕ್ಕೆ ಉದ್ದನೆಯ ಪಟ್ಟಿ, ಅದರ ತುಂಬ ಬಣ್ಣಬಣ್ಣದ ಡಬ್ಬಿ. ಬೇಕಾದ ಡಬ್ಬಿಯನ್ನು ಮೌಸಿನಲ್ಲಿ ಹಿಡಿದು ನಡುವಿಗೆ ತಂದು ಬಿಡೋದು, ಪಕ್ಕಕ್ಕೆ ಇನ್ನೊಂದು ತಂದಿಡೋದು, ಎರಡಕ್ಕೂ ತಂತಿ ಎಳೆಯೋದು. ಪ್ರೋಗ್ರಾಂ ಆಯ್ತು ಅಂತಾರೆ. ವಿಶುವಲ್ ಪ್ರೋಗ್ರಾಮಿಂಗ್ ಅಂತ ಇದರ ಹೆಸರು. ಮಕ್ಕಳ ಬೇಸಿಗೆ ಶಿಬಿರದ ಬ್ಯಾನರಿನಿಂದ ಹಿಡಿದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನ ತನಕ ಇದನ್ನು ಹೊಗಳುವವರದು ಒಂದೇ ಮಾತು: ಟೈಪ್ ಮಾಡೋ ತಾಪತ್ರಯ ಇಲ್ಲ, ಚಿತ್ರ ಬಿಡಿಸಿದರೆ ಸಾಕು.

ಒಳ್ಳೇದು. ಆದರೆ ಈ ವಿದ್ಯೆಯಲ್ಲಿ ಪಳಗಿದವರು ಕೆಲಸ ಮಾಡೋದನ್ನ ಹಿಂದೆ ನಿಂತು ನೋಡಿದ್ದೀರಾ? ಮೌಸು ಟೀ ಲೋಟದ ಪಕ್ಕ ಸುಮ್ಮನೆ ಬಿದ್ದಿರುತ್ತೆ. ಬೆರಳೆಲ್ಲ ಕೀಬೋರ್ಡ್ ಮೇಲೆ. ಟಕಟಕ ಎರಡು ಕೀಲಿ, ಎಂಟರ್, ಡಬ್ಬಿ ಬಂತು. ಇನ್ನೆರಡು ಕೀಲಿ, ಎಂಟರ್, ತಂತಿ ಬಂತು. ಟೈಪಿಂಗ್ ಬೇಡ ಅಂತಲೇ ಹುಟ್ಟಿದ ಸಾಫ್ಟ್‌ವೇರಿನಲ್ಲಿ ಮುಂದೆ ಬಂದವರೆಲ್ಲ ಟೈಪ್ ಮಾಡಿಯೇ ಮುಂದೆ ಬಂದಿದ್ದಾರೆ. ಈ ಗುಟ್ಟನ್ನು ಯಾವ ಬ್ಯಾನರೂ ಬರೆಯೋದಿಲ್ಲ.

ಮೌಸು ಅಂದರೆ ಇಲಿ ತಾನೆ, ಇಲಿಯ ವಿಷಯದಲ್ಲಿ ಗಣಪನಿಗಿಂತ ದೊಡ್ಡ ಅನುಭವಸ್ಥ ಇನ್ಯಾರಿದ್ದಾನೆ? ತುಮಕೂರಿನ ಮಗ್ಗುಲಲ್ಲೇ ಗೂಳೂರು. ಬೇರೆ ಊರಿನವರು ಗಣಪನನ್ನು ನೀರಿಗೆ ಬಿಟ್ಟು ಕೈ ತೊಳೆದುಕೊಂಡ ಮೇಲೆ, ದೀಪಾವಳಿ ಹೊತ್ತಿಗೆ ಇಲ್ಲಿಯ ಭಾರೀ ಮಣ್ಣಿನ ಗಣಪನಿಗೆ ಪೂಜೆ ಶುರುವಾಗುತ್ತೆ. ಅಂಥಾ ಗಣಪನೂ ಊರು ಸುತ್ತೋದಕ್ಕೆ ಮಾತ್ರ ಇಲಿ ಹತ್ತಿದ. ವ್ಯಾಸರು ಮಹಾಭಾರತ ಹೇಳೋಕೆ ಕೂತಾಗ ಇಲಿಯಿಂದ ಕೆಳಗಿಳಿದು, ದಂತ ಮುರಿದು ಬರೆದ. ಇಲಿಯ ಮೇಲೆ ಕೂತೇ ಬರೀತೀನಿ ಅಂದಿದ್ದರೆ ಇಷ್ಟೊತ್ತಿಗೆ ಆದಿಪರ್ವ ಮುಗೀತಿತ್ತೋ ಇಲ್ಲವೋ.

ಎಳೆಯುವವರ ಪಾಡು ನೋಡಬೇಕು. ಬಲಗೈ ದುಡೀತಿರುತ್ತೆ, ಎಡಗೈ ಗಲ್ಲಕ್ಕೆ ಊರುಗೋಲು, ಇಲ್ಲದಿದ್ದರೆ ಅದರಲ್ಲಿ ಮೊಬೈಲು. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ. ಕೂಡಿಸುವ ಡಬ್ಬಿ ಬೇಕು. ಅದು 'ನ್ಯೂಮೆರಿಕ್' ಒಳಗಿದೆಯೋ, 'ಮ್ಯಾಥ್' ಒಳಗಿದೆಯೋ? ಒಂದೊಂದೇ ಬಿಚ್ಚಿ ನೋಡೋದು, ಮುಚ್ಚೋದು. ಸಿಕ್ಕಿದ ಡಬ್ಬಿಯನ್ನು ಎಳೆದು ತರುವಾಗ ದಾರಿಯಲ್ಲಿ ಬೆರಳು ಜಾರಿ ಬೇರೆಲ್ಲೋ ಬಿದ್ದರೆ ಮತ್ತೆ ಮೊದಲಿಂದ.

ತುಮಕೂರು ಬಸ್‌ಸ್ಟ್ಯಾಂಡಿನಲ್ಲೂ ಈ ಎರಡು ಜಾತಿಯ ಜನ ಇದ್ದಾರೆ. ಹೊಸಬರು ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಬ್ಯಾಗು ಹೊತ್ತು ಬೋರ್ಡು ಓದುತ್ತ ಅಲೀತಾರೆ. ಹಳಬ ನಿಂತಲ್ಲೇ "ಗುಬ್ಬಿ?" ಅಂತಾನೆ, ಯಾವನೋ ಕಂಡಕ್ಟರು ತಿರುಗಿ ನೋಡದೇ ಬೆರಳು ತೋರಿಸ್ತಾನೆ. ಮೂಗು ಸೋರುತ್ತಿದ್ದ ದಿನ ಬರೀ "ಗು…" ಅಂತ ನಿಲ್ಲಿಸಿದರೂ "ಗೂಳೂರಾ, ಗುಬ್ಬಿನಾ?" ಅಂತ ಎರಡೇ ಆಯ್ಕೆ ಮುಂದಿಡ್ತಾನೆ. ಸಾಫ್ಟ್‌ವೇರಿನ ಹುಡುಕು ಪೆಟ್ಟಿಗೆ ಮಾಡೋದೂ ಇದನ್ನೇ. ಎರಡಕ್ಷರ ಕೊಟ್ಟರೆ ಹತ್ತಿರದ ಹೆಸರುಗಳನ್ನು ಸಾಲಾಗಿ ನಿಲ್ಲಿಸುತ್ತೆ, ನೀವು ಎಂಟರ್ ಒತ್ತಿ ಹತ್ತೋದು. ಬೋರ್ಡು ಓದುವವರನ್ನು ನಾನು ಹೀಗಳೆಯೋದಿಲ್ಲ, ಮೊದಲ ಸಲ ಬಂದವರು ಓದಲೇಬೇಕು. ಆದರೆ ನಾಲ್ಕು ವರ್ಷ ದಿನಾ ಗುಬ್ಬಿಗೆ ಹೋಗಿಬರೋನು ಇವತ್ತೂ ಬೋರ್ಡು ಓದ್ತಾ ನಿಂತಿದ್ದರೆ ಏನನ್ನಬೇಕು?

ನನ್ನ ಅಕ್ಕನ ಮಗ ಅಂಥ ಜಾತಿ. ವಸಂತನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಇಂಜಿನಿಯರು. ಆ ಭಾಗ ಈಗ ಮೊದಲಿನ ಹಾಗಿಲ್ಲ. 2014ರ ಸೆಪ್ಟೆಂಬರ್ 24ರಂದು ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯ್ತು, ಆಮೇಲೆ ಮಷೀನ್ ಟೂಲ್ ಪಾರ್ಕು ಬಂತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೇ ಶುರುವಾಯ್ತು. ಯಂತ್ರ ಇದ್ದ ಕಡೆ ಅದನ್ನು ನಡೆಸೋ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ ಇದ್ದೇ ಇರುತ್ತೆ. ಪಿಎಲ್‌ಸಿ ಇದ್ದ ಕಡೆ ಲ್ಯಾಡರ್ ಇರುತ್ತೆ.

ಲ್ಯಾಡರ್ ಅಂದರೆ ವಿಶುವಲ್ ಪ್ರೋಗ್ರಾಮಿಂಗಿನ ಅಜ್ಜ. ಮೊದಲೆಲ್ಲ ಕಾರಿನ ಕಾರ್ಖಾನೆಯ ಗೋಡೆ ತುಂಬ ರಿಲೇಗಳು, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗೋ ಸ್ವಿಚ್ಚುಗಳು. ಕಾರಿನ ಮಾಡೆಲು ಬದಲಾದರೆ ಅಷ್ಟೂ ವೈರನ್ನು ಕಿತ್ತು ಹೊಸದಾಗಿ ಕಟ್ಟಬೇಕಿತ್ತು. ಈ ಗೋಳಿಗೆ 1968ರಲ್ಲಿ ಅಮೆರಿಕದ ಡಿಕ್ ಮೋರ್ಲಿ ಮತ್ತು ಜೊತೆಗಾರರು ಕಂಡುಕೊಂಡ ಪರಿಹಾರ ಮೋಡಿಕಾನ್ 084. ಅವರ ಕಂಪನಿಯ ಎಂಬತ್ತನಾಲ್ಕನೇ ಕೆಲಸವಾದ್ದರಿಂದ ಆ ಸಂಖ್ಯೆ. ಎಲೆಕ್ಟ್ರೀಷಿಯನ್‌ಗಳಿಗೆ ಹೊಸ ಭಾಷೆ ಕಲಿಸೋ ಗೋಜೇ ಬೇಡ ಅಂತ ಅವರು ದಿನಾ ನೋಡೋ ರಿಲೇ ನಕ್ಷೆಯನ್ನೇ ಪ್ರೋಗ್ರಾಂ ಮಾಡಿಬಿಟ್ಟರು. ಎರಡು ಉದ್ದನೆಯ ಗೆರೆ, ನಡುವೆ ಮೆಟ್ಟಿಲ ಹಾಗೆ ಅಡ್ಡಗೆರೆ, ಅದರ ಮೇಲೆ ಷರತ್ತಿಗೆ ಕಾಂಟ್ಯಾಕ್ಟು, ಕೊನೆಗೆ ಅಪ್ಪಣೆಗೆ ಕಾಯಿಲು. ನಮ್ಮ ಐಟಿಐ ಹುಡುಗರಿಗೆ ನೋಡಿದ ಕೂಡಲೇ ಅರ್ಥವಾಗುತ್ತೆ.

ಅಕ್ಕನ ಮಗ ನನಗೆ ತೋರಿಸಿದ್ದೂ ಇದನ್ನೇ. "ನೋಡ್ ಮಾವ, ಇದ್ರಾಗೆ ಬರೆಯೋದೇ ಇಲ್ಲ. ಮ್ಯಾಲಿಂದ ಚಿಹ್ನೆ ಎತ್ಕೊಂಡ್ ಕೆಳಗೆ ಇಡೋದು ಅಷ್ಟೆ." ತೋಟದ ಮೋಟಾರು ಸ್ಟಾರ್ಟರಿನ ನಕ್ಷೆ ಮಾಡಿ ತೋರಿಸೋ ಅಂದೆ. ಹಸಿರು ಗುಂಡಿ ಒತ್ತಿದರೆ ಮೋಟಾರು ಓಡಬೇಕು, ಕೈ ತೆಗೆದರೂ ಓಡ್ತಾನೇ ಇರಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ಅವನು ಚಿಹ್ನೆ ಎತ್ತಿದ, ಇಟ್ಟ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಹೆಸರು ಕೊಟ್ಟ, ಮತ್ತೆ ಮೇಲಕ್ಕೆ ಹೋಗಿ ಇನ್ನೊಂದು ಎತ್ತಿದ. ಅಷ್ಟರಲ್ಲಿ ಅಕ್ಕ ಒಳಗಿಂದ ಕೋಡುಬಳೆ ತಂದಿಟ್ಟಿದ್ದು ಅರ್ಧ ಖಾಲಿಯಾಗಿತ್ತು.

ಅದೇ ಕೆಲಸವನ್ನು ಅವನ ಸೀನಿಯರು ಮಾಡೋದನ್ನ ಆಮೇಲೆ ನೋಡಿದೆ. ಎಲ್ಲರೂ ಆತನಿಗೆ 'ಅಣ್ಣ' ಅಂತಾರೆ. ನನಗೂ ಅಣ್ಣ ಅಂತಲೇ ಗೊತ್ತು. ಮಿತ್ಸುಬಿಷಿ ಪಿಎಲ್‌ಸಿಯ ಸಾಫ್ಟ್‌ವೇರು. ಎಫ್5 ಒತ್ತಿ, ಎಕ್ಸ್0, ಎಂಟರ್: ಹಸಿರು ಗುಂಡಿ ಬಂತು. ಎಫ್5, ಎಕ್ಸ್1, ಎಂಟರ್: ಕೆಂಪು ಗುಂಡಿ. ಎಫ್7, ವೈ0, ಎಂಟರ್: ಮೋಟಾರಿನ ಕಾಯಿಲು. ಕರ್ಸರು ತಾನಾಗಿ ಕೆಳಗಿನ ಸಾಲಿಗೆ ಇಳೀತು. ಶಿಫ್ಟ್ ಹಿಡಿದು ಎಫ್5, ವೈ0, ಎಂಟರ್: ಹಸಿರು ಗುಂಡಿಗೆ ಪ್ಯಾರಲಲ್ ಆಗಿ ಮೋಟಾರಿನದೇ ಒಂದು ಕಾಂಟ್ಯಾಕ್ಟು. ಕೈ ತೆಗೆದರೂ ಮೋಟಾರು ಓಡೋದು ಈ ಕೊನೆಯದರ ದಯೆಯಿಂದ. ಅದಕ್ಕೆ ಇವರು ಹೋಲ್ಡಿಂಗು ಅಂತಾರೆ. ಎಫ್4 ಒತ್ತಿದ, ಚಿತ್ರವೆಲ್ಲ ಪಿಎಲ್‌ಸಿಯ ಭಾಷೆಗೆ ಕನ್ವರ್ಟ್ ಆಯ್ತು. ನಾನು ಕೋಡುಬಳೆ ಬಾಯಿಗೆ ಇಡೋಕೂ ಬಿಡುವಿರಲಿಲ್ಲ.

"ಅಣ್ಣ, ಕೆಂಪು ಗುಂಡಿಗೆ ಎನ್‌ಸಿ ಅಲ್ವಾ? ಎಫ್6 ಒತ್ಬೇಕಿತ್ತು" ಅಂತ ಹುಡುಗ ಮೂಗು ತೂರಿಸಿದ. ಎನ್‌ಸಿ ಅಂದರೆ ಒತ್ತದಿದ್ದಾಗ ಕೂಡಿಕೊಂಡೇ ಇರೋದು. "ಗುಂಡಿಯನ್ನೇ ಎನ್‌ಸಿ ಹಾಕಿದ್ದೀನಲ್ಲಪ್ಪಾ, ಏಣಿಯಲ್ಲೂ ಎನ್‌ಸಿ ಹಾಕಿದ್ರೆ ಮೋಟ್ರು ಏಳೋದೇ ಇಲ್ಲ. ವೈರು ಕಿತ್ತೋದ್ರೆ ತಾನಾಗೇ ನಿಲ್ಲಬೇಕು, ಅದಕ್ಕೇ ಹೊರಗಡೆ ಎನ್‌ಸಿ" ಅಂತ ಅಣ್ಣ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಎಫ್5ಕ್ಕೂ ಎಫ್6ಕ್ಕೂ ಬೆರಳಿನ ಅಂತರ. ತಲೆಯಲ್ಲಿ ಸ್ಪಷ್ಟ ಇಲ್ಲದಿದ್ದರೆ ವೇಗ ಏನೂ ಮಾಡೋದಿಲ್ಲ ಅನ್ನೋದನ್ನೂ ಹೇಳಬೇಕಲ್ಲ.

ಆತನಿಗೆ ಈ ಎಫ್ ಕೀಲಿಗಳೂ ನಿಧಾನವೇ. ಗಡಿಬಿಡಿ ಇದ್ದರೆ ಖಾಲಿ ಜಾಗದಲ್ಲಿ ಕರ್ಸರು ಇಟ್ಟು ನೇರವಾಗಿ 'ಎಲ್‌ಡಿ ಎಕ್ಸ್0' ಅಂತ ಕುಟ್ಟುತ್ತಾನೆ, ಕಾಂಟ್ಯಾಕ್ಟು ಬಂದು ಕೂರುತ್ತೆ. 'ಔಟ್ ಟಿ0 ಕೆ50' ಅಂದರೆ ಐದು ಸೆಕೆಂಡಿನ ಟೈಮರು, ಹತ್ತನೇ ಒಂದು ಸೆಕೆಂಡಿನ ಲೆಕ್ಕದಲ್ಲಿ ಐವತ್ತು. ಚಿತ್ರ ಬಿಡಿಸೋ ಸಾಫ್ಟ್‌ವೇರಿನಲ್ಲಿ ಅಕ್ಷರ ಬರೆದು ಚಿತ್ರ ಬರಿಸೋ ವಿದ್ಯೆ! ನಮ್ಮ ಹುಡುಗ ಮನೆಗೆ ಬಂದು ಅದನ್ನೇ ತನ್ನ ಲ್ಯಾಪ್‌ಟಾಪಿನಲ್ಲಿ ಮಾಡಲು ಹೋಗಿ ಎಫ್5 ಒತ್ತಿದ, ಪರದೆಯ ಬೆಳಕು ಕುಂದಿತು. ಎಫ್6 ಒತ್ತಿದ, ಬೆಳಕು ಹೆಚ್ಚಿತು. ಲ್ಯಾಪ್‌ಟಾಪು ಮಾಡಿದವರಿಗೆ ಕಾಂಟ್ಯಾಕ್ಟು, ಕಾಯಿಲಿನ ಹಂಗಿಲ್ಲ. ಎಫ್‌ಎನ್ ಕೀಲಿ ಹಿಡಿದೇ ಒತ್ತಬೇಕು. "ಅದಕ್ಕೇ ಮಾವ ನಾನು ಮೌಸು ಹಿಡಿಯೋದು" ಅಂದ. ಎಂಥಾ ಸಮರ್ಥನೆ!

ಆದರೆ ಅವನ ಅಹಂಕಾರ ಇಳಿದಿದ್ದು ಒಂದು ರಾತ್ರಿ ಪಾಳಿಯಲ್ಲಿ. ಪ್ಯಾಕಿಂಗ್ ಸಾಲಿನ ಕನ್ವೇಯರು ನಿಂತುಹೋಯ್ತು. ಇವನು ಲ್ಯಾಪ್‌ಟಾಪು ಸಿಕ್ಕಿಸಿ ಮಾನಿಟರ್ ಮೋಡಿನಲ್ಲಿ ನೋಡ್ತಾನೆ: ಆ ಮೆಟ್ಟಿಲಿನ ಕಾಂಟ್ಯಾಕ್ಟುಗಳೆಲ್ಲ ನೀಲಿ, ಅಂದರೆ ಎಲ್ಲಾ ಸರಿ. ಕೊನೆಯ ಕಾಯಿಲು ವೈ14 ಮಾತ್ರ ಬಣ್ಣವಿಲ್ಲದೆ ಸಪ್ಪಗೆ ಕೂತಿದೆ. ಇದು ಹೇಗೆ ಸಾಧ್ಯ? ಮೌಸಿನ ಚಕ್ರ ತಿರುಗಿಸಿದ, ತಿರುಗಿಸಿದ, ನೂರಾರು ಮೆಟ್ಟಿಲು ಮೇಲೆ ಹೋಯ್ತು, ಕೆಳಗೆ ಬಂತು. ಹಿಂದೆ ಪ್ರೊಡಕ್ಷನ್ ಮ್ಯಾನೇಜರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ, ಅವರ ಉಸಿರು ಇವನ ಕುತ್ತಿಗೆಗೆ ಬೀಳ್ತಿದೆ. ಕಾರ್ಡು ಸುಟ್ಟಿರಬೇಕು ಸಾರ್ ಅಂದೂ ಆಯ್ತು.

ಕೊನೆಗೆ ಅಣ್ಣನಿಗೆ ಫೋನು. ಹಿರೇಹಳ್ಳಿ ಕಡೆಯಿಂದ ಬೈಕಿನಲ್ಲಿ ಬಂದ. ಎಡಗೈಯಲ್ಲಿದ್ದ ಹೆಲ್ಮೆಟ್ಟನ್ನು ಕೆಳಗೂ ಇಡಲಿಲ್ಲ. ಬಲಗೈ ಒಂದರಲ್ಲೇ ಹುಡುಕು ಕಿಟಕಿ ತೆರೆದು, ವೈ14, ಕಾಯಿಲು ಅಂತ ಕೊಟ್ಟ. ಎಂಟರ್. ಮೊದಲನೆಯದು ಇವನು ನೋಡ್ತಿದ್ದ ಮೆಟ್ಟಿಲು. ಮತ್ತೆ ಎಂಟರ್. ಪ್ರೋಗ್ರಾಮಿನ ಬಾಲದಲ್ಲಿ ಇನ್ನೊಂದು ವೈ14! ಹಿಂದೆ ಯಾರೋ ನಾಲ್ಕು ಮೆಟ್ಟಿಲು ಕಾಪಿ ಮಾಡಿ ಅಂಟಿಸಿ, ಕಾಯಿಲಿನ ನಂಬರು ಬದಲಿಸದೆ ಮನೆಗೆ ಹೋಗಿದ್ದಾನೆ. ಅಲ್ಲಿನ ಷರತ್ತು ಅಷ್ಟು ದಿನ ಮೊದಲಿನದರ ಜೊತೆಗೇ ಆನ್ ಆಗ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಆ ರಾತ್ರಿ ಯಾವುದೋ ಸೆನ್ಸರಿಗೆ ಧೂಳು ಕೂತು ಅದೊಂದು ಕೈಕೊಟ್ಟಿತು. ಪಿಎಲ್‌ಸಿ ಏಣಿಯನ್ನು ಮೇಲಿಂದ ಕೆಳಕ್ಕೆ ಓದ್ತಾ ಹೋಗುತ್ತೆ. ಒಂದೇ ಕಾಯಿಲಿಗೆ ಎರಡು ಕಡೆ ಅಪ್ಪಣೆ ಇದ್ದರೆ ಕೊನೆಯ ಅಪ್ಪಣೆಯೇ ಉಳಿಯೋದು. ಮೇಲೆ ಆನ್, ಕೆಳಗೆ ಆಫ್, ಮೋಟಾರಿಗೆ ಸಿಕ್ಕಿದ್ದು ಆಫ್. ಚಕ್ರ ತಿರುಗಿಸೋನಿಗೆ ಮೊದಲನೆಯದು ಕಾಣುತ್ತೆ, ಹುಡುಕು ಕಿಟಕಿಗೆ ಎರಡೂ ಕಾಣುತ್ತೆ. ಅಣ್ಣ ನಂಬರು ತಿದ್ದಿ, ಎಫ್4 ಒತ್ತಿ, ಪಿಎಲ್‌ಸಿಗೆ ಇಳಿಸಿ, ಟೀ ಬೇಡ ಅಂತ ಹೇಳಿ ಹೊರಟುಬಿಟ್ಟ.

ಅಕ್ಕನ ಮಗ ಮಾರನೇ ದಿನದಿಂದ ಕೀಲಿ ಕಲಿಯಲು ಕೂತ. ಉತ್ಸಾಹ ಎಷ್ಟಿತ್ತೆಂದರೆ ಎಕ್ಸ್7 ಆದ ಮೇಲೆ ಎಕ್ಸ್8 ಅಂತ ಕುಟ್ಟಿದ. ಸಾಫ್ಟ್‌ವೇರು ಒಪ್ಪಲಿಲ್ಲ. ಮಿತ್ಸುಬಿಷಿಯ ಎಫ್‌ಎಕ್ಸ್ ಸರಣಿಯ ಪಿಎಲ್‌ಸಿಗಳಲ್ಲಿ ಎಕ್ಸ್, ವೈ ನಂಬರು ಏಳಾದ ಮೇಲೆ ಹತ್ತು. ಎಂಟು, ಒಂಬತ್ತು ಅನ್ನೋದೇ ಇಲ್ಲ. ಮೌಸಿನಲ್ಲಿ ಎಳೆದಿದ್ದರೂ ಈ ಲೆಕ್ಕ ತಪ್ಪೋದಿಲ್ಲ ಬಿಡಿ.

ಕಾಲೇಜಿನ ಕಡೆ ಹೋದರೆ ಲ್ಯಾಬ್‌ವ್ಯೂ ಅನ್ನೋ ಸಾಫ್ಟ್‌ವೇರು. ಅಳತೆಯ ಉಪಕರಣಗಳ ಲ್ಯಾಬುಗಳಲ್ಲಿ ಇದರದೇ ದರ್ಬಾರು. 1986ರಲ್ಲಿ ಮ್ಯಾಕಿಂಟೋಷ್ ಕಂಪ್ಯೂಟರಿಗೆಂದು ಹುಟ್ಟಿದ್ದು, ಮ್ಯಾಕಿಂಟೋಷ್ ಅಂದಮೇಲೆ ಮೌಸಿನ ಮೋಹ ಇರಲೇಬೇಕಲ್ಲ. ತಂತಿ ಎಳೆದು ಎಳೆದು ವಿದ್ಯಾರ್ಥಿಗಳ ಪರದೆ ಶಾವಿಗೆ ಒತ್ತಿದಂತಾಗಿರುತ್ತೆ. ಇಪ್ಪತ್ತೆರಡು ವರ್ಷ ಕಳೆದ ಮೇಲೆ, 2008ರ 8.6 ಆವೃತ್ತಿಯಲ್ಲಿ, ಕಂಟ್ರೋಲ್ ಹಿಡಿದು ಸ್ಪೇಸ್ ಒತ್ತಿದರೆ ತೆರೆಯೋ 'ಕ್ವಿಕ್ ಡ್ರಾಪ್' ಅನ್ನೋ ಪೆಟ್ಟಿಗೆ ಕೊಟ್ಟರು. ಹೆಸರು ಟೈಪ್ ಮಾಡಿ, ಎಂಟರ್ ಒತ್ತಿ, ಬೇಕಾದಲ್ಲಿ ಕ್ಲಿಕ್ ಮಾಡಿ ಇಡಿ. ಪೆಟ್ಟಿಗೆ ತೆರೆದಿರುವಾಗ ಕಂಟ್ರೋಲ್ ಡಿ ಒತ್ತಿದರೆ ಆಯ್ದ ಡಬ್ಬಿಯ ಒಳಹರಿವು ಹೊರಹರಿವುಗಳಿಗೆಲ್ಲ ಗುಂಡಿ, ಮೀಟರು ತಾವಾಗೇ ಹುಟ್ಟಿ ಜೋಡಣೆಯಾಗುತ್ತವೆ. ಕಂಟ್ರೋಲ್ ಆರ್ ಒತ್ತಿದರೆ ಮಧ್ಯದ ಡಬ್ಬಿ ಎದ್ದುಹೋಗಿ ಅಕ್ಕಪಕ್ಕದ ತಂತಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೌಸಿನಲ್ಲಿ ಇದನ್ನೇ ಮಾಡಲು ಡಬ್ಬಿ ಅಳಿಸಿ, ಮುರಿದ ತಂತಿ ಅಳಿಸಿ, ಹೊಸ ತಂತಿ ಎಳೆದು, ನಡುವೆ ಒಮ್ಮೆ ದೇವರನ್ನು ನೆನೆಯಬೇಕು.

ಹೆದರಿಸೋ ಕೀಲಿಗಳೂ ಇವೆ. ಕಂಟ್ರೋಲ್ ಬಿ ಮುರಿದ ತಂತಿಗಳನ್ನೆಲ್ಲ ಅಳಿಸುತ್ತೆ, ನೀವು ನೋಡ್ತಿರೋ ಜಾಗದ್ದು ಮಾತ್ರ ಅಂದ್ಕೋಬೇಡಿ, ಪರದೆಯಾಚೆ ಅರ್ಧಕ್ಕೆ ಬಿಟ್ಟು ಬಂದದ್ದೂ ಮಾಯ. ಕಂಟ್ರೋಲ್ ಯು ಇಡೀ ಚಿತ್ರವನ್ನು ತಾನೇ ಓರಣ ಮಾಡುತ್ತೆ. ಮಾಡಿದ ಮೇಲೆ ಯಾವುದು ಎಲ್ಲಿದೆ ಅಂತ ಬರೆದವನಿಗೇ ಗುರುತು ಸಿಗೋದಿಲ್ಲ. ಅಟ್ಟ ಗುಡಿಸಲು ಬಂದ ನೆಂಟರ ಮೇಲೆ ಬರೋವಷ್ಟೇ ಸಿಟ್ಟು ಅದರ ಮೇಲೆ ಬರುತ್ತೆ.

ಇನ್ನು ಗುಬ್ಬಿಯ ಕತೆ. ನನ್ನ ತಮ್ಮನಿಗೆ ಅಲ್ಲಿ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಅರ್ಜಿ, ಅಫಿಡವಿಟ್ಟು, ಕರಪತ್ರ, ಎಲ್ಲಾ ಮಾಡಿಕೊಡ್ತಾನೆ. ಪರದೆಯತ್ತ ನೋಡದೆ ಗಿರಾಕಿಯ ಜೊತೆ ರಾಜಕೀಯ ಮಾತಾಡುತ್ತಲೇ ಅರ್ಧ ಪುಟ ಕನ್ನಡ ಕುಟ್ಟಿ ಬಿಸಾಕೋ ಆಸಾಮಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ. ಜಗತ್ತಿನಲ್ಲಿ ಸ್ಕ್ರಾಲ್ ಲಾಕ್ ಅನ್ನೋ ಕೀಲಿಯನ್ನು ಇಂದಿಗೂ ದಿನಾ ದುಡಿಸಿಕೊಳ್ಳೋ ಜನ ಅಂದರೆ ನಮ್ಮ ನುಡಿಯವರೇ ಇರಬೇಕು. ಒತ್ತಿದರೆ ಕನ್ನಡ, ಮತ್ತೊತ್ತಿದರೆ ಇಂಗ್ಲಿಷು.

ಅವನ ಮಗಳು ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದ್ತಾಳೆ. ಗ್ರಾಸ್‌ಹಾಪರ್ ಅಂತ ಒಂದು ಸಾಫ್ಟ್‌ವೇರು, ಡೇವಿಡ್ ರಟನ್ ಅನ್ನೋರು 2007ರಲ್ಲಿ ಶುರು ಮಾಡಿದ್ದು. ಡಬ್ಬಿ, ತಂತಿ ಜೋಡಿಸಿದರೆ ಕಟ್ಟಡದ ಆಕಾರ ಹುಟ್ಟುತ್ತೆ. ಒಂದು ಸಂಖ್ಯೆ ಬದಲಿಸಿದರೆ ಕಿಟಕಿಗಳೆಲ್ಲ ಒಟ್ಟಿಗೆ ತಿರುಗುತ್ತವೆ. ಶನಿವಾರ ಗುಬ್ಬಿಗೆ ಬಂದವಳು ಲ್ಯಾಪ್‌ಟಾಪು ಬಿಚ್ಚಿದಳು. ಅಪ್ಪ ಹಿಂದಿನ ವಾರವೇ ಅದರಲ್ಲಿ ನುಡಿ ಹಾಕಿಕೊಂಡು, ಸ್ಕ್ರಾಲ್ ಲಾಕ್ ಇಲ್ಲವೆಂದು ಅಂಗಡಿಯ ಹಳೇ ಕೀಬೋರ್ಡನ್ನೂ ಚುಚ್ಚಿಟ್ಟಿದ್ದ. ಹುಡುಗಿ ಖಾಲಿ ಜಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿ, ಹುಡುಕು ಪೆಟ್ಟಿಗೆ ತೆರೆದು, ಕೂಡಿಸೋ ಡಬ್ಬಿಗೆ ಇಂಗ್ಲಿಷಿನಲ್ಲಿ 'ಆಡ್' ಅಂತ ಒತ್ತಿದಳು. ಪೆಟ್ಟಿಗೆಯಲ್ಲಿ ಮೂಡಿದ್ದು 'ಅದದ'. ವೃತ್ತಕ್ಕೆ 'ಸರ್ಕಲ್' ಒತ್ತಿದಳು, 'ಚಿರಚಲೆ' ಬಂತು. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು ನೋಡಿ, ನುಡಿಗೂ ಪೌರಾಣಿಕದ ಚಟ. ಆ ಕಂಪನಿಯ ಗುಬ್ಬಿ ವೀರಣ್ಣನವರು ಇದ್ದಿದ್ದರೆ ಚಿರಚಲೆಗೆ ಒಂದು ಪಾತ್ರ ಕೊಡ್ತಿದ್ದರೇನೋ.

"ಅಪ್ಪಾ, ನಿನ್ನ ನುಡಿ ತೆಗಿ!" ಅಂತ ಚೀರಿದಳು. ತಮ್ಮ ಬಂದು ಸ್ಕ್ರಾಲ್ ಲಾಕ್ ಒತ್ತಿ ಹೋಗಬಹುದಿತ್ತು, ಹೋಗಲಿಲ್ಲ. ಮಗಳು ಮೌಸು ಹಿಡಿದು ಮೇಲಿನ ಪಟ್ಟಿಗಳಲ್ಲಿ ತಡಕಾಡೋದನ್ನ ನೋಡಿ ಅವನ ಕೈ ತುರಿಸೋಕೆ ಶುರುವಾಯ್ತು. "ಏಳಮ್ಮ, ನಾ ಕೂರ್ತೀನಿ. ನೀನು ಹೆಸರು ಹೇಳು." ಅವಳು ಹೇಳ್ತಾ ಹೋದಳು: ಸೀರೀಸ್, ಪಾಯಿಂಟ್, ಮೂವ್, ರೊಟೇಟ್. ಇವನು ಕುಟ್ಟುತ್ತಾ ಹೋದ, ಡಬ್ಬಿಗಳು ಬೀಳ್ತಾ ಹೋದವು. ಸೊನ್ನೆಯಿಂದ ಹತ್ತರ ತನಕ ಜಾರುವ ಸ್ಲೈಡರು, ಈಗ ಐದರಲ್ಲಿ ನಿಂತಿರಬೇಕು ಅಂದಳು. ಅದಕ್ಕೆ ಡಬ್ಬಿ ಹುಡುಕಬೇಕಾಗಿಲ್ಲ, ಪೆಟ್ಟಿಗೆಯಲ್ಲಿ 0<5<10 ಅಂತ ಒತ್ತಿದರೆ ಸ್ಲೈಡರು ಸಿದ್ಧವಾಗೇ ಇಳಿಯುತ್ತೆ. ತಮ್ಮನಿಗೆ ಇದು ಬಹಳ ಹಿಡಿಸಿತು. ಕಟ್ಟಡದ ಗಂಧಗಾಳಿ ಇಲ್ಲದವನು ಮಧ್ಯಾಹ್ನದೊಳಗೆ ಒಂದು ಜಾಲಂಧ್ರ ಮಾಡಿ ಕೂರಿಸಿದ. "ದೊಡ್ಡಪ್ಪ, ನಮ್ಮ ಕ್ಲಾಸಿನಲ್ಲಿ ಇಷ್ಟು ಸ್ಪೀಡು ಯಾರಿಗೂ ಇಲ್ಲ" ಅಂತ ಅವಳೇ ನನಗೆ ಫೋನು ಮಾಡಿ ಹೇಳಿದ್ದು. ಜಾಲಂಧ್ರ ಹೇಗಿತ್ತಮ್ಮಾ ಅಂದೆ. "ಮದುವೆ ಕಾರ್ಡಿನ ಬಾರ್ಡರ್ ಥರ" ಅಂದಳು.

ಡಿಟಿಪಿಯವರನ್ನು, ಟೈಪಿಂಗ್ ಸ್ಕೂಲಿನಲ್ಲಿ ಜೂನಿಯರು ಸೀನಿಯರು ಪಾಸು ಮಾಡಿದವರನ್ನು ಕಂಪ್ಯೂಟರಿನ ಹುಡುಗರು ಹಳೇ ಕಾಲದವರು ಅಂತ ಪಕ್ಕಕ್ಕೆ ತಳ್ತಾರೆ. ಆದರೆ ಬೆರಳಿಗೆ ಕಣ್ಣು ಬಂದಿರೋದು ಅವರಿಗೇ. ಈಗ ಬರೋ ಸಾಫ್ಟ್‌ವೇರೆಲ್ಲ ಅವರ ದಾರಿಗೇ ಬರ್ತಿದೆ. ತ್ರೀಡಿ ಚಿತ್ರ ಮಾಡೋ ಬ್ಲೆಂಡರಿನಲ್ಲಿ 2022ರಿಂದ ತಂತಿಯನ್ನು ಖಾಲಿ ಜಾಗಕ್ಕೆ ಎಳೆದುಬಿಟ್ಟರೆ ಅಲ್ಲೇ ಹುಡುಕು ಪೆಟ್ಟಿಗೆ ತೆರೆಯುತ್ತೆ, ಅದೂ ಆ ತಂತಿಗೆ ಹೊಂದೋ ಡಬ್ಬಿಗಳನ್ನು ಮಾತ್ರ ತೋರಿಸುತ್ತೆ. ಸಿನಿಮಾ ಗ್ರಾಫಿಕ್ಸಿನ ಹೂಡಿನಿಯವರು ಟ್ಯಾಬ್ ಒತ್ತಿ ಹೆಸರು ಕುಟ್ಟುತ್ತಾರೆ. ಅನ್‌ರಿಯಲ್‌ನಲ್ಲಿ ಆಟ ಕಟ್ಟುವವರು ಬಿ ಹಿಡಿದು ಕ್ಲಿಕ್ ಮಾಡಿದರೆ ಕವಲಿನ ಡಬ್ಬಿ, ಡಿ ಹಿಡಿದರೆ ತಡೆಯೋ ಡಬ್ಬಿ. ಇದರಲ್ಲಿ ಎಡಗೈ ಕೀಲಿಯ ಮೇಲೆ, ಬಲಗೈ ಮೌಸಿನ ಮೇಲೆ, ಎರಡಕ್ಕೂ ಸಂಬಳ.

ಇದೇನು ಹೊಸದಾಗಿ ಹೊಳೆದಿದ್ದೂ ಅಲ್ಲ. ಶಿವಕುಮಾರ ಸ್ವಾಮೀಜಿಯವರು ತುಮಕೂರಿನಲ್ಲಿ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ತೆರೆದ 1963ರಲ್ಲೇ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ 'ಸ್ಕೆಚ್‌ಪ್ಯಾಡ್' ಮಾಡಿ ತೋರಿಸಿದ್ದು. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬಿಡಿಸೋ ವಿದ್ಯೆಯ ಮೂಲ ಪುರುಷ ಅಂತಲೇ ಆತನನ್ನು ಕರೀತಾರೆ. ಆತನ ಒಂದು ಕೈಯಲ್ಲಿ ಬೆಳಕಿನ ಪೆನ್ನು, ಇನ್ನೊಂದು ಕೈಗೆ ಗುಂಡಿಗಳ ಪೆಟ್ಟಿಗೆ. ಗೆರೆ ಎಲ್ಲಿ ಅನ್ನೋದು ಪೆನ್ನು, ಏನು ಮಾಡಬೇಕು ಅನ್ನೋದು ಗುಂಡಿ. 1968ರ ಡಿಸೆಂಬರಿನಲ್ಲಿ ಡಗ್ಲಾಸ್ ಎಂಗಲ್‌ಬಾರ್ಟ್ ಮೌಸನ್ನು ಲೋಕಕ್ಕೆ ತೋರಿಸಿದಾಗಲೂ ಆತನ ಎಡಗೈ ಸುಮ್ಮನಿರಲಿಲ್ಲ, ಅದರ ಕೆಳಗೆ ಐದು ಕೀಲಿಯ ಒಂದು ಪುಟ್ಟ ಮಣೆ ಇತ್ತು; ಹಾರ್ಮೋನಿಯಂ ನುಡಿಸಿದ ಹಾಗೆ ಎರಡು ಮೂರು ಕೀಲಿ ಒಟ್ಟಿಗೆ ಒತ್ತಿ ಅಕ್ಷರ ಮೂಡಿಸ್ತಿದ್ದ. ಲೋಕ ಮೌಸನ್ನು ಎತ್ತಿಕೊಂಡಿತು, ಐದು ಕೀಲಿಯ ಮಣೆಯನ್ನು ಅಲ್ಲೇ ಬಿಟ್ಟು ಬಂತು. ಕಲಿಯೋಕೆ ಕಷ್ಟ ಅನ್ನೋ ನೆಪ. ಮೌಸು ಹುಟ್ಟಿಸಿದವನೇ ಒಂಟಿ ಕೈಯಲ್ಲಿ ಕೆಲಸ ಮಾಡಲಿಲ್ಲ ಅನ್ನೋದನ್ನು ನಮ್ಮ ಎಳೆಯುವ ವೀರರ ಗಮನಕ್ಕೆ ತರಬೇಕು.

ಹಾಗಂತ ಕೀಲಿಪಂಡಿತರ ಸಂಗವೇನೂ ಸುಖವಲ್ಲ. ನೀವು ಮೌಸು ಮುಟ್ಟಿದ ಕೂಡಲೇ ಪಕ್ಕದಲ್ಲಿ ನಿಂತು "ಅದಕ್ಕೊಂದು ಶಾರ್ಟ್‌ಕಟ್ ಐತೆ ಗುರೂ" ಅಂತ ಉಸಿರು ಬಿಡ್ತಾರೆ. ಅವರಿಗೆ ಕೆಲಸ ಮುಗೀಬೇಕಾಗಿಲ್ಲ, ಕೀಲಿ ಒತ್ತಬೇಕು. ಡಬ್ಬಿಗಳಿಗೆ ತಮ್ಮದೇ ಒಂದಕ್ಷರದ ಹೆಸರಿಟ್ಟುಕೊಂಡು, ಬೇರೆ ಕಂಪ್ಯೂಟರಿನ ಮುಂದೆ ಕೂರಿಸಿದರೆ ಕೈ ಕಟ್ಟಿದ ಹಾಗೆ ಒದ್ದಾಡ್ತಾರೆ. ಹುಡುಕು ಪೆಟ್ಟಿಗೆಗೂ ಒಂದು ದೋಷವಿದೆ: ಹೆಸರು ಗೊತ್ತಿದ್ದವನಿಗೆ ಮಾತ್ರ ಅದು ಬಾಗಿಲು ತೆಗೆಯೋದು. ಏನೇನಿದೆ ಅಂತಲೇ ತಿಳಿಯದ ಆರನೇ ಕ್ಲಾಸಿನ ಹುಡುಗಿಗೆ ಖಾಲಿ ಪೆಟ್ಟಿಗೆ ಕೊಟ್ಟು ಟೈಪ್ ಮಾಡು ಅಂದರೆ ಏನು ಮಾಡುತ್ತೆ ಪಾಪ? ಅವಳಿಗೆ ಮಕ್ಕಳ ಸಾಫ್ಟ್‌ವೇರಾದ ಸ್ಕ್ರ್ಯಾಚಿನ ಬಣ್ಣದ ಪಟ್ಟಿಯೇ ಸರಿ. ಪಟ್ಟಿ ನೋಡ್ತಾ ಹೋದರೆ ಹುಡುಕದೇ ಇದ್ದದ್ದೂ ಸಿಗುತ್ತೆ. ಅಣ್ಣನೂ ಹೊಸ ಬ್ರ್ಯಾಂಡಿನ ಪಿಎಲ್‌ಸಿ ಬಂದಾಗ ಎರಡು ದಿನ ಮೌಸು ಹಿಡಿದು ಪಟ್ಟಿಯೆಲ್ಲ ತಿರುವಿ ಹಾಕ್ತಾನೆ, ಯಾರೂ ನೋಡದಿರೋವಾಗ. ಮೌಸು ಹಿಡಿಯಲಾಗದ ಕೈ, ಪರದೆ ಕಾಣದ ಕಣ್ಣು ಇರೋರಿಗೆ ಮಾತ್ರ ಕೀಲಿ ಅನ್ನೋದು ಜಂಭವೂ ಅಲ್ಲ, ವೇಗವೂ ಅಲ್ಲ, ಇರೋದೊಂದೇ ದಾರಿ. ಅವರನ್ನು ನೆನೆಸಿಕೊಂಡಾದರೂ ಸಾಫ್ಟ್‌ವೇರು ಮಾಡುವವರು ಪ್ರತಿ ಡಬ್ಬಿಗೂ ಕೀಲಿಯ ದಾರಿ ಇಡಬೇಕು. ಈ ಒಂದು ಮಾತನ್ನು ನಾನು ತಮಾಷೆಗೆ ಹೇಳ್ತಿಲ್ಲ.

ಅಕ್ಕನ ಮಗನಿಗೆ ಈಗ ಕೀಲಿಯ ಹುಚ್ಚು ಪೂರ್ತಿ ಹತ್ತಿದೆ. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆ ಭಾವನ ತೋಟ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ, ಬಂದಾಗ ಬೋರು ಹಾಕಬೇಕು. ಅದಕ್ಕೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರು ಇಟ್ಟುಕೊಂಡಿದ್ದಾರೆ. ಮಗ ಅಪ್ಪನಿಗೊಂದು ಚೆಂದದ ಆ್ಯಪ್ ಮಾಡಿಕೊಡ್ತೀನಿ ಅಂತ ಆ್ಯಪ್ ಇನ್ವೆಂಟರ್ ಹಿಡಿದು ಕೂತ. ಅದೂ ಡಬ್ಬಿ ಜೋಡಿಸೋ ಬಾಬತ್ತೇ. ಆದರೆ ಖಾಲಿ ಜಾಗದಲ್ಲಿ ಹೆಸರು ಕುಟ್ಟಲು ಶುರು ಮಾಡಿದರೆ ಹೊಂದೋ ಡಬ್ಬಿಗಳ ಪಟ್ಟಿ ಇಳಿಯುತ್ತೆ. ಇವನು ಮೌಸು ಮುಟ್ಟದೆ ಮಾಡಿ ಮುಗಿಸಿ, ನನ್ನ ಎದುರು ಎದೆ ಉಬ್ಬಿಸಿದ. ತೆಂಗಿನ ಮರದ ಚಿತ್ರ, ಹಸಿರು ಗುಂಡಿ, ಕೆಂಪು ಗುಂಡಿ, ಮೇಲೆ ಕನ್ನಡದಲ್ಲಿ ಅಪ್ಪನ ಹೆಸರು. ಅಪ್ಪನ ಕೈಗೆ ಫೋನು ಕೊಟ್ಟ.

ಭಾವ ಕನ್ನಡಕ ಹುಡುಕಿದರು, ಸಿಗಲಿಲ್ಲ. ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಆಮೇಲೆ ಅದನ್ನು ಜಗಲಿಯ ಮೇಲಿಟ್ಟು, ಜೇಬಿನಿಂದ ತಮ್ಮ ಗುಂಡಿ ಫೋನು ತೆಗೆದರು. ಕತ್ತು ನನ್ನ ಕಡೆಗೇ ಇತ್ತು, ಕೊಬ್ಬರಿ ರೇಟಿನ ಮಾತು ನಿಲ್ಲಲಿಲ್ಲ. ಹೆಬ್ಬೆರಳು ಮಾತ್ರ ಸ್ಟಾರ್ಟರಿನ ನಂಬರು ಒತ್ತಿತು, ಆ ಕಡೆ ರಿಂಗಾಯ್ತು, ಒಂದು ಒತ್ತಿದರು. ಹಿತ್ತಲಾಚೆ ಪೈಪು ಕೆಮ್ಮಿ ನೀರು ಬಂತು.

"ಅದೇನೋ ಮರಗಿರ ಬರ್ದಿದ್ದೀಯಲ್ಲ, ಚೆನ್ನಾಗೈತೆ ಕಣ್ಲಾ" ಅಂದರು ಮಗನಿಗೆ. "ನಿಮ್ಮವ್ವುಂಗೆ ತೋರ್ಸು."